ಬೀದಿನಾಯಿಗೂ ಒಂದು ದತ್ತಿ ಇರಲಿ

ತೊಡೆಮೂಳೆ ಮುರಿದ ಬೀದಿನಾಯಿಯ ಫೋಟೋ, ಅದರ ಕೆಳಗೆ ಆಸ್ಪತ್ರೆಯ ಖರ್ಚಿನ ಅಂದಾಜು ಚೀಟಿ, ಪಕ್ಕದಲ್ಲೊಂದು ಕ್ಯೂಆರ್ ಕೋಡ್. ನಮ್ಮ ಊರುಗಳಲ್ಲಿ ಬೀದಿನಾಯಿಗಳ ಚಿಕಿತ್ಸೆಗೆ ಹಣ ಕೂಡುವುದು ಈಗ ಹೆಚ್ಚಾಗಿ ಹೀಗೆ. ಸಂಜೆ ಹಾಕಿದ ಮನವಿಗೆ ರಾತ್ರಿಯೊಳಗೆ ನೂರು, ಇನ್ನೂರು, ಐನೂರು ಎಂದು ಬಂದು ಬೀಳುತ್ತದೆ. ಮರುದಿನ ಇಳಿಮುಖ. ಅದರ ಮರುದಿನ ಇನ್ನೊಂದು ನಾಯಿಯ ಫೋಟೋ ಬಂದು ಮೊದಲಿನದು ಕೆಳಗೆ ಸರಿಯುತ್ತದೆ. ಶಸ್ತ್ರಚಿಕಿತ್ಸೆಯೇನೋ ಆಗಿಬಿಡುತ್ತದೆ. ಆದರೆ ಪ್ಲೇಟು ಹಾಕಿದ ಕಾಲು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಅಷ್ಟು ದಿನ ನಾಯಿಯನ್ನು ಓಡಾಡಲು ಬಿಡದೆ ಗೂಡಿನಲ್ಲಿಡಬೇಕು, ಡ್ರೆಸಿಂಗ್ ಬದಲಿಸಬೇಕು, ಔಷಧಿ ಹಾಕಬೇಕು. ಬೋರ್ಡಿಂಗಿನವರ ಲೆಕ್ಕ ದಿನದ ಲೆಕ್ಕ. ಈ ಎಂಟು ವಾರಗಳಲ್ಲಿ ಫೋಟೋ ತೆಗೆಯುವಂಥದ್ದು ಏನೂ ನಡೆಯುವುದಿಲ್ಲ, ಹಾಗಾಗಿ ಹಣವೂ ಬರುವುದಿಲ್ಲ. ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದವರ ಹೆಸರಿನ ಮುಂದೆ ಕ್ಲಿನಿಕ್ಕಿನ ಪುಸ್ತಕದಲ್ಲಿ ಬಾಕಿ ಬೆಳೆಯುತ್ತದೆ. ಕೊಡುವ ಮನಸ್ಸು ನಮ್ಮಲ್ಲಿ ಬೇಕಾದಷ್ಟಿದೆ. ಕೊಡುವ ಕ್ರಮದಲ್ಲಿ ದೋಷವಿದೆ ಎಂಬುದು ನನ್ನ ವಾದ. ಗಾಯವಾದ ಮೇಲೆ ಒಂದೊಂದು ನಾಯಿಗೂ ಬೇರೆಬೇರೆಯಾಗಿ ಹಣ ಎತ್ತುವುದನ್ನು ಬಿಟ್ಟು, ಗಾಯವಾಗುವ ಮೊದಲೇ ಬಡಾವಣೆಗೊಂದು ನಿಧಿ ಕಟ್ಟಿಟ್ಟುಕೊಳ್ಳಬೇಕು.

ಮುಖ ನೋಡಿ ಮನಸ್ಸು ಕರಗುವುದು ಸಹಜ. ಅದನ್ನು ತಪ್ಪೆನ್ನಲು ಆಗದು. ಆದರೆ ಅದು ಹಣವನ್ನು ಎತ್ತ ಒಯ್ಯುತ್ತದೆ ಎಂಬುದನ್ನು ತಿಳಿದಿರಬೇಕು. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಹೆಸರುವಾಸಿ. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟನ್ನು ದಾನ ಮಾಡುತ್ತೀರಿ ಎಂದು ಕೇಳಲಾಗಿತ್ತು. ಹಸಿದ ಒಬ್ಬಳೇ ಹುಡುಗಿಯ ಚಿತ್ರ ಮತ್ತು ಹೆಸರು ಕಂಡವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು ಕೊಟ್ಟದ್ದು 1.14 ಡಾಲರ್. ಹುಡುಗಿಯ ಚಿತ್ರದ ಜೊತೆ ಅಂಕಿಅಂಶವನ್ನೂ ಸೇರಿಸಿದಾಗ ಕೊಡುಗೆ 1.43ಕ್ಕೆ ಇಳಿಯಿತು. ಎಂದರೆ ಸಂಕಟ ಎಷ್ಟು ದೊಡ್ಡದು ಎಂದು ತಿಳಿಸಿದಷ್ಟೂ ಕೈ ಹಿಂದೆ ಸರಿಯಿತು. ಇದನ್ನು ಬೀದಿನಾಯಿಗಳಿಗೆ ಅನ್ವಯಿಸಿ ನೋಡಿ. ಅಗಲ ಕಣ್ಣಿನ ಮರಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಣ ಬರಬಹುದು. ಕಜ್ಜಿ ಹತ್ತಿ, ಕೂದಲುದುರಿ, ಚರ್ಮ ಆನೆಯದರಂತೆ ದಪ್ಪಗಟ್ಟಿ ನಾತ ಬರುವ ನಾಯಿಯ ಫೋಟೋವನ್ನು ಜನ ಬೆರಳಿಂದ ಮೇಲೆ ತಳ್ಳಿಬಿಡುತ್ತಾರೆ. ಜನನಾಂಗದಲ್ಲಿ ರಕ್ತ ಸುರಿಸುವ ಗಡ್ಡೆಯಾದ ನಾಯಿಯ ಫೋಟೋ ಹಾಕಲು ಹಾಕುವವರೇ ಸಂಕೋಚಪಡುತ್ತಾರೆ. ಆದರೆ ಚಿಕಿತ್ಸೆಗೆ ಚೆನ್ನಾಗಿ ಒಗ್ಗುವ ಕಾಯಿಲೆಗಳು ಇವೇ. ಕಜ್ಜಿ ಕೆಲವು ವಾರಗಳ ಔಷಧಿಗೆ ಹೋಗುತ್ತದೆ. ಆ ಗಡ್ಡೆ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಕ್ಯಾನ್ಸರ್. ವಾರಕ್ಕೊಂದರಂತೆ ನಾಲ್ಕಾರು ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಪೂರ್ತಿ ಕರಗಿಹೋಗುತ್ತದೆ.

ಹಣ ತಡವಾಗುವುದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ಹುಳ ಬಿದ್ದ ಗಾಯವನ್ನೇ ತೆಗೆದುಕೊಳ್ಳಿ. ಕಚ್ಚಾಟದಲ್ಲಿ ಕಿವಿಯ ಹಿಂದೆ ಬಟಾಣಿಯಷ್ಟು ಗಾಯವಾಗಿರುತ್ತದೆ. ನಾಯಿಯ ನಾಲಿಗೆ ಅಲ್ಲಿಗೆ ಎಟುಕುವುದಿಲ್ಲ. ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಹೊರಬರುತ್ತದೆ. ಆಗಲೇ ಕೂದಲು ಕತ್ತರಿಸಿ, ತೊಳೆದು, ಸ್ಪ್ರೇ ಹೊಡೆದು ಔಷಧಿ ಕೊಟ್ಟರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ. ವಾರ ಬಿಟ್ಟರೆ ಹುಳಗಳು ಚರ್ಮದಡಿ ಕೊರೆದುಕೊಂಡು ಕಿವಿಯೊಳಕ್ಕೆ, ಕುತ್ತಿಗೆಯ ಮಾಂಸದೊಳಕ್ಕೆ ಇಳಿದಿರುತ್ತವೆ. ಅರಿವಳಿಕೆ ಕೊಟ್ಟು ಚಿಮಟದಲ್ಲಿ ಒಂದೊಂದಾಗಿ ಹೆಕ್ಕಬೇಕು, ಡ್ರಿಪ್ ಹಾಕಬೇಕು, ದಿನಗಟ್ಟಲೆ ಆಸ್ಪತ್ರೆಯಲ್ಲಿಡಬೇಕು. ಪಾರ್ವೋ ವೈರಸ್ ತಗುಲಿದ ಮರಿಯದು ಇನ್ನೂ ಇಕ್ಕಟ್ಟಿನ ಕಥೆ. ವಾಂತಿ, ರಕ್ತಭೇದಿ ಶುರುವಾದ ಮೇಲೆ ಮುಂಗಾಲಿನ ಸೂಜಿಗೆ ಪ್ಲಾಸ್ಟರ್ ಸುತ್ತಿ, ಹನಿಹನಿಯಾಗಿ ದ್ರವ ಹರಿಸುವ ಮೊದಲ ಮೂರ್ನಾಲ್ಕು ದಿನಗಳಲ್ಲೇ ಅದು ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಮನವಿ ಬರೆದು, ಹತ್ತು ಗುಂಪುಗಳಿಗೆ ಕಳಿಸಿ, ಮುಂಗಡದಷ್ಟು ಹಣ ಕೂಡಿಸಲು ಹಿಡಿಯುವುದೂ ಅಷ್ಟೇ ದಿನ. ಕೈಯಲ್ಲಿ ಮೊದಲೇ ಇರುವ ಎರಡು ಸಾವಿರ, ಮೂರನೆಯ ದಿನ ಬರುವ ಹತ್ತು ಸಾವಿರಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ.

ಮೊದಲೇ ಕಟ್ಟಿಡುವುದು ಈ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲನ್ನು ಅನೇಕರು ನೋಡಿದ್ದಾರೆ. ಹಂದಿಯೊಡನೆ ಹೋರಾಡುತ್ತಿರುವ ನಾಯಿ ಅದರ ಮೇಲಿದೆ. ಕಾಲ ಸುಮಾರು ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ, ಅವನು ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯೊಂದನ್ನು ಎದುರಿಸಿತು; ಎರಡೂ ಸತ್ತವು. ಈ ಕಥೆಯನ್ನು ನಾಯಿಯ ನಿಷ್ಠೆಗೆ ಉದಾಹರಣೆಯಾಗಿ ನಾವು ಹೇಳುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಕಲ್ಲು ನಿಲ್ಲಿಸಿದ ಮೇಲೆ ಮಾಡಿದ ಕೆಲಸ. ಆ ಕಲ್ಲಿಗೆ ಪೂಜೆ ನಡೆಯುತ್ತಿರಲೆಂದು ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟುಕೊಟ್ಟರು, ನೋಡಿಕೊಳ್ಳುವ ಹೊಣೆಯನ್ನು ಗೊರವನಿಗೆ ವಹಿಸಿದರು, ತಪ್ಪಿದರೆ ಪಾಪ ಅವನದೆಂದು ಕಲ್ಲಿನಲ್ಲೇ ಕೆತ್ತಿಸಿದರು. ದುಃಖ ತಣಿದ ಮೇಲೂ ಕೆಲಸ ನಿಲ್ಲದಂತೆ ಆದಾಯದ ಮೂಲ, ಹೊಣೆಗಾರ, ನಿಯಮ ಮೂರನ್ನೂ ಗೊತ್ತು ಮಾಡಿದರು. ದತ್ತಿ ಎಂದರೆ ಇದೇ. ಸತ್ತ ನಾಯಿಯ ಕಲ್ಲಿಗೆ ಸಾವಿರ ವರ್ಷದ ಹಿಂದೆ ಮಾಡಿದ ಏರ್ಪಾಡನ್ನು ಬದುಕಿರುವ ನಾಯಿಗಳಿಗೆ ಈಗ ಮಾಡಲು ಆಗದೇ?

ಬೆಂಗಳೂರಿನಲ್ಲಿ 2023ರ ಸಮೀಕ್ಷೆಯ ಪ್ರಕಾರ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇಷ್ಟನ್ನೂ ಒಂದೇ ದೊಡ್ಡ ಸಂಸ್ಥೆ ನೋಡಿಕೊಳ್ಳಲಿ ಎಂದು ಕೂರುವುದು ಆಗಹೋಗದ ಮಾತು. ಬಡಾವಣೆಯೇ ಸರಿಯಾದ ಅಳತೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ಸಮುದಾಯದ ಪ್ರಾಣಿ ಎಂದು ಕರೆದು, ಅವಕ್ಕೆ ಊಟ ಹಾಕುವ ಜಾಗ, ಹೊತ್ತು ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘಗಳ ಮೇಲೂ ಹೊರಿಸಿವೆ. ಊಟದ ಲೆಕ್ಕ ಇಡುವ ಸಂಘಕ್ಕೆ ಔಷಧಿಯ ಲೆಕ್ಕ ಭಾರವಾಗಲಾರದು. ಐನೂರು ಮನೆಗಳ ಬಡಾವಣೆಯಲ್ಲಿ ಮನೆಗೆ ತಿಂಗಳಿಗೆ 20 ರೂಪಾಯಿಯಾದರೆ ವರ್ಷಕ್ಕೆ 1.2 ಲಕ್ಷ ರೂಪಾಯಿ. ಅರ್ಧದಷ್ಟು ಮನೆಯವರು ಮಾತ್ರ ಒಪ್ಪಿದರೂ 60 ಸಾವಿರ. ಚೀಟಿ ವ್ಯವಹಾರವನ್ನೂ ಸ್ತ್ರೀಶಕ್ತಿ ಸಂಘಗಳನ್ನೂ ನಡೆಸಿ ಗೊತ್ತಿರುವ ನಮ್ಮ ಜನಕ್ಕೆ ತಿಂಗಳ ವಂತಿಗೆ ಎತ್ತಿ, ಪುಸ್ತಕದಲ್ಲಿ ಬರೆದು, ಸಭೆಯಲ್ಲಿ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಣ ವ್ಯಕ್ತಿಯ ಖಾತೆಗೆ ಹೋಗದೆ ಸಂಘದ ಖಾತೆಯಿಂದ ನೇರವಾಗಿ ಕ್ಲಿನಿಕ್ಕಿಗೆ ಹೋಗಬೇಕು. ದರದ ಬಗ್ಗೆ ವೈದ್ಯರ ಜೊತೆ ವರ್ಷದ ಆರಂಭದಲ್ಲೇ ಮಾತಾಡಿಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ರಕ್ತ ಸುರಿಯುವ ನಾಯಿಯನ್ನು ತೋಳಲ್ಲಿಟ್ಟುಕೊಂಡು ಚೌಕಾಸಿ ಮಾಡಲು ಯಾರಿಂದಲೂ ಆಗದು. ದೊಡ್ಡ ಮೊತ್ತಕ್ಕೆ ಕಂಪನಿಗಳನ್ನು ಕೇಳಬಹುದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣದ ಹೆಸರು ಸ್ಪಷ್ಟವಾಗಿದೆ. ಕೇಳುವಾಗ ಫಲಕ ಹಾಕಿಸಬಹುದಾದ ಕಟ್ಟಡವನ್ನೋ ವಾಹನವನ್ನೋ ಮಾತ್ರ ಕೇಳದೆ, ಔಷಧಿ ಮತ್ತು ಬೋರ್ಡಿಂಗಿನ ಖರ್ಚನ್ನೂ ಕೇಳುವ ಗಟ್ಟಿತನ ಇರಬೇಕು.

ಮನುಷ್ಯರಿಗೇ ಚಿಕಿತ್ಸೆಗೆ ಗತಿಯಿಲ್ಲದಿರುವಾಗ ನಾಯಿಗೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಕೇಳುವವರ ಮೇಲೆ ಸಿಟ್ಟಾಗಬಾರದು; ಆಸ್ಪತ್ರೆಯ ಬಿಲ್ಲಿಗೆ ಹೊಲ ಮಾರಿದವರು ಇದನ್ನು ಕೇಳಲು ಹಕ್ಕುಳ್ಳವರು. ಆದರೆ ಬಡವರ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ಯೋಜನೆಯಾದರೂ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಎಂಬ ಲೆಕ್ಕವಾದರೂ ಇದೆ. ಅದು ಸಾಲದಿದ್ದರೆ ಹೆಚ್ಚಿಸಲು ಹೋರಾಡಬೇಕು; ಮನೆಗೆ 20 ರೂಪಾಯಿಯನ್ನು ನಾಯಿಯಿಂದ ಹಿಂದಕ್ಕೆ ಪಡೆದರೆ ಆ ಕೊರತೆ ತುಂಬುವುದಿಲ್ಲ. ಮೇಲಾಗಿ ಈ ಖರ್ಚಿನ ಪ್ರಯೋಜನ ಮನುಷ್ಯರಿಗೂ ತಲುಪುತ್ತದೆ. ನೋವಿನಲ್ಲಿರುವ ನಾಯಿ ಬೇಗ ಕಚ್ಚುತ್ತದೆ. ಗಾಯಕ್ಕೆಂದು ಕ್ಲಿನಿಕ್ಕಿಗೆ ಬಂದ ನಾಯಿಗೆ ರೇಬೀಸ್ ಲಸಿಕೆಯೂ ಆಗುತ್ತದೆ, ಚೇತರಿಸಿಕೊಂಡ ಮೇಲೆ ಸಂತಾನಹರಣವೂ ಆಗುತ್ತದೆ. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸುವ ಗುರಿಯನ್ನು ದೇಶ ಹಾಕಿಕೊಂಡಿದೆ. ಅದಕ್ಕೆ ಕನಿಷ್ಠ ಶೇ. 70ರಷ್ಟು ನಾಯಿಗಳಿಗೆ ಲಸಿಕೆಯಾಗಬೇಕು. ಸರ್ಕಾರವೂ ಸ್ವಯಂಸೇವಾ ಸಂಸ್ಥೆಯೂ ಕೈಜೋಡಿಸಿ ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿದ್ದರಿಂದಲೇ ನೆರೆಯ ಗೋವಾ 2021ರಲ್ಲಿ ತನ್ನನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಳ್ಳುವಂತಾಯಿತು.

ಇದು ಸರ್ಕಾರದ ಕೆಲಸ ಎಂಬ ಮಾತು ಅರ್ಧ ನಿಜ. ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ. ಅದನ್ನು ಬಿಡದೆ ಕೇಳಬೇಕು. ಪಶು ಆಸ್ಪತ್ರೆಗಳಲ್ಲಿ ನಾಯಿಗೂ ಚಿಕಿತ್ಸೆಯುಂಟು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ದೊಡ್ಡ ಆಸರೆಯೂ ಇದೆ. ಆದರೆ ಚಿಕಿತ್ಸೆಯಾದ ನಾಯಿ ರಾತ್ರಿ ಎಲ್ಲಿ ಮಲಗಬೇಕು, ಆರು ವಾರ ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಯಾವ ಇಲಾಖೆಯಲ್ಲೂ ಉತ್ತರವಿಲ್ಲ. 2025ರ ಜುಲೈನಲ್ಲಿ ಬಿಬಿಎಂಪಿಯು ಸುಮಾರು 5,000 ಬೀದಿನಾಯಿಗಳಿಗೆ ಊಟ ಕೊಡಲು 2.88 ಕೋಟಿ ರೂಪಾಯಿಯ ಯೋಜನೆ ತಂದಾಗ ಆ ಊಟದಲ್ಲಿನ ಕೋಳಿಮಾಂಸದ ಬಗ್ಗೆ ದೇಶವೇ ಚರ್ಚಿಸಿತು. ಅದೇ ನಾಯಿಗಳಿಗೆ ಕಾಯಿಲೆಯಾದರೆ ಏನು ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚುವ ಆಕ್ಷೇಪ ನಾಯಿಗಳನ್ನು ಪ್ರೀತಿಸುವವರಿಂದಲೇ ಬರುತ್ತದೆ. ಒಂದು ಮೂಳೆ ಶಸ್ತ್ರಚಿಕಿತ್ಸೆಯ ಹಣದಲ್ಲಿ ಎಷ್ಟೋ ನಾಯಿಗಳಿಗೆ ಸಂತಾನಹರಣ ಮಾಡಿಸಬಹುದು, ಎಷ್ಟೋ ಮರಿಗಳಿಗೆ ಪಾರ್ವೋ ಲಸಿಕೆ ಹಾಕಿಸಬಹುದು, ಹಾಗಿರುವಾಗ ಒಂದಕ್ಕೇ ಸುರಿಯುವುದು ಸರಿಯೇ? ಲೆಕ್ಕದಲ್ಲಿ ಅವರು ಹೇಳುವುದು ಸರಿ. ಆದ್ದರಿಂದಲೇ ನಿಧಿಯ ಮೊದಲ ಪಾಲು ಲಸಿಕೆ, ಸಂತಾನಹರಣಕ್ಕೆ ಹೋಗಬೇಕು. ಎರಡನೆಯದು ಹುಳದ ಗಾಯ, ಕಜ್ಜಿ, ಉಣ್ಣೆಜ್ವರದಂಥ ಸುಲಭ ಕಾಯಿಲೆಗಳಿಗೆ. ಉಳಿದದ್ದು ದೊಡ್ಡ ಶಸ್ತ್ರಚಿಕಿತ್ಸೆಗೆ, ಅದಕ್ಕೊಂದು ಮಿತಿ. ಬೆನ್ನುಮೂಳೆ ತುಂಡಾಗಿ ನರಳುವ ನಾಯಿಗೆ ನೋವಿಲ್ಲದ ಸಾವು ಕೊಡುವುದೂ ಚಿಕಿತ್ಸೆಯೇ ಎಂದು ವೈದ್ಯರು ಹೇಳಿದಾಗ ಅದನ್ನು ಒಪ್ಪುವ ಧೈರ್ಯ ಬೇಕು. ಇಂಥ ತೀರ್ಮಾನವನ್ನು ಒಂದು ಫೋಟೋದ ಮುಂದೆ, ಸಾವಿರ ಜನರ ಪ್ರತಿಕ್ರಿಯೆಗಳ ನಡುವೆ ಒಬ್ಬರೇ ಕೈಗೊಳ್ಳಲಾರರು. ಮೊದಲೇ ಕೂತು ಬರೆದಿಟ್ಟ ನಿಯಮವಿದ್ದರೆ ಆ ಭಾರ ಹಂಚಿಹೋಗುತ್ತದೆ. ಹಾಗೆಂದು ಬೀದಿಯಲ್ಲಿ ಕಾಲೆಳೆದುಕೊಂಡು ಹೋಗುವ ನಾಯಿಯನ್ನು ಲೆಕ್ಕದ ಹೆಸರಿನಲ್ಲಿ ಬಿಟ್ಟುಬಿಡಲಾಗದು. ಅದನ್ನು ದಿನವೂ ನೋಡುತ್ತ ಸುಮ್ಮನಿರುವುದನ್ನು ಕಲಿತ ಬಡಾವಣೆ ಲಸಿಕೆಗೂ ಹಣ ಕೊಡುವುದಿಲ್ಲ.

ಮೋಸದ ಭಯವೂ ನಿರಾಧಾರವಲ್ಲ. ಒಂದೇ ಫೋಟೋಗೆ ಬೇರೆಬೇರೆ ಊರಿನ ಹೆಸರು ಹಾಕಿ ಹಣ ಕೇಳುವುದು ಸುಲಭ. ಅದಕ್ಕೆ ಮದ್ದು ಲೆಕ್ಕ: ಯಾವ ನಾಯಿ, ಯಾವ ಬೀದಿ, ಯಾವ ದಿನ, ಎಷ್ಟು ಬಿಲ್ಲು, ಏನಾಯಿತು ಎಂಬ ಒಂದು ಹಾಳೆ ಪ್ರತಿ ತಿಂಗಳೂ ಸಂಘದ ಸೂಚನಾ ಫಲಕದ ಮೇಲೆ. ಸತ್ತ ನಾಯಿಗಳೂ ಅದರಲ್ಲಿರಬೇಕು. ಭಾವನೆಯಿಲ್ಲದೆ ಬರೀ ಹಾಳೆಗೆ ಯಾರು ಕೊಡುತ್ತಾರೆ ಎಂದರೆ, ಭಾವನೆಯನ್ನು ನಿಯಮಕ್ಕೆ ಹೊಂದಿಸಿದ ಉದಾಹರಣೆ ನಮ್ಮಲ್ಲೇ ಇದೆ. 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡವರಿಗೆ ಲೆಕ್ಕವಿಲ್ಲ. ಚಿತ್ರತಂಡ ಲಾಭದ ಶೇ. 5ನ್ನು ದೇಶಿ ನಾಯಿಗಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುವುದಾಗಿ ಪ್ರಕಟಿಸಿತು. ಪ್ರೇಕ್ಷಕರ ಕಣ್ಣೀರು ಅಲ್ಲಿ ಒಂದು ನಿಶ್ಚಿತ ಪಾಲಾಯಿತು.

ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಬೀದಿಗಳಲ್ಲಿ ಮರಿಗಳು ಹೆಚ್ಚುತ್ತವೆ. ಚರಂಡಿ ಪೈಪಿನೊಳಗೆ, ನಿಂತ ಲಾರಿಯಡಿ, ಕಟ್ಟುತ್ತಿರುವ ಮನೆಯ ಮರಳುಗುಡ್ಡೆಯ ಹಿಂದೆ ಆರೇಳು ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಅವಕ್ಕೆ ಆರರಿಂದ ಎಂಟು ವಾರವಾದಾಗ ಪಾರ್ವೋದ ಮೊದಲ ಲಸಿಕೆ ಬೀಳಬೇಕು, ಮೂರ್ನಾಲ್ಕು ವಾರ ಬಿಟ್ಟು ಮತ್ತೊಂದು. ತಾಯಿಗೆ ಹಾಲು ಬತ್ತಿದ ಮೇಲೆ ಸಂತಾನಹರಣ. ಯಾವ ಬೀದಿಯಲ್ಲಿ ಎಷ್ಟು ಮರಿ ಎಂದು ಬರೆದುಕೊಳ್ಳಲು ಒಂದು ಭಾನುವಾರದ ಬೆಳಗ್ಗೆ ಸಾಕು. ಈ ಸಲದ ಮರಿಗಳು ಕಣ್ಣು ಬಿಡುವ ಮುಂಚೆ ಖಾತೆ ತೆರೆದಿರಬೇಕು.