ಭಂಡಾರವೂ ಬೀಗದ ಕೈಯೂ

ಶನಿಗ್ರಹದ ಪರಿವಾರದಲ್ಲಿ ಎನ್ಸೆಲಾಡಸ್ ಎಂಬ ಚಂದ್ರನೊಂದುಂಟು. ವ್ಯಾಸವು ಸುಮಾರು 500 ಕಿಲೋಮೀಟರು ಮಾತ್ರ. 1789ರಲ್ಲಿಯೇ ವಿಲಿಯಂ ಹರ್ಷೆಲನ ದುರ್ಬೀನಿಗೆ ಸಿಕ್ಕಿದ್ದ ಈ ಹಿಮಗೋಳದ ಪಕ್ಕದಲ್ಲಿ 2005ರಲ್ಲಿ ಹಾದುಹೋದ ಕಸ್ಸಿನಿ ನೌಕೆಯು, ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿಯೂ ಹಿಮಕಣಗಳೂ ಚಿಮ್ಮುತ್ತಿರುವುದನ್ನು ಕಂಡುಹಿಡಿಯಿತು. 2015ರ ಅಕ್ಟೋಬರ್ 28ರಂದು ಕೇವಲ 49 ಕಿಲೋಮೀಟರು ಎತ್ತರದಲ್ಲಿ ಆ ಚಿಲುಮೆಯೊಳಗೇ ನುಗ್ಗಿ ಬಂದ ಆ ನೌಕೆಯು 2017ರ ಸೆಪ್ಟೆಂಬರ್ 15ರಂದು ಶನಿಯಲ್ಲಿಯೇ ಲಯವಾಯಿತು.

ನೌಕೆಯು ಹೋದರೂ ಅದರ ದಾಖಲೆಗಳು ಉಳಿದಿವೆ. 2008ರಲ್ಲಿ ಸೆಕೆಂಡಿಗೆ ಸುಮಾರು 18 ಕಿಲೋಮೀಟರು ವೇಗದಿಂದ ಹಾಯುವಾಗ ಧೂಳಿನ ಮಾಪಕಕ್ಕೆ ಬಡಿದ ಹಿಮಕಣಗಳ ದಾಖಲೆಯನ್ನು ಮತ್ತೆ ಶೋಧಿಸಿ, ಅವುಗಳಲ್ಲಿ ಹೊಸ ಸಾವಯವ ದ್ರವ್ಯಗಳ ಗುರುತುಗಳಿವೆಯೆಂದು ವಿಜ್ಞಾನಿಗಳು ಪ್ರಕಟಿಸಿದ್ದು 2025ರಲ್ಲಿ. ನೌಕೆಯೇ ಇಲ್ಲದಿರುವಾಗ ಇದು ಸಾಧ್ಯವಾದುದು ದಾಖಲೆಯು ಕೈಗೆ ಸಿಕ್ಕುವಂತಿದ್ದುದರಿಂದಲ್ಲವೆ?

ದಾಖಲೆಯನ್ನು ಇಟ್ಟಿರುವುದು ಬೇರೆ, ಅದು ಸಿಕ್ಕುವಂತಿರುವುದು ಬೇರೆ. ನಮ್ಮ ಕಚೇರಿಗಳ ದಫ್ತರಖಾನೆಗಳನ್ನು ಬಲ್ಲ ಅಧಿಕಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದವರು ಇದಕ್ಕಾಗಿ 'ಓಪಸ್' ಎಂಬ ಶೋಧಕ ತಂತ್ರಾಂಶವನ್ನು ನಡೆಸುತ್ತಿದ್ದಾರೆ. ಯಾವ ಚಂದ್ರ, ಯಾವ ದಿನ, ಯಾವ ಉಪಕರಣ ಎಂದು ಆರಿಸಿದರೆ ತಕ್ಕ ಚಿತ್ರಗಳು ಎದುರಿಗೆ ಬರುತ್ತವೆ, ಶುಲ್ಕವಿಲ್ಲ. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ 'ಸ್ಪೈಸ್' ಎಂಬ ಮತ್ತೊಂದು ತಂತ್ರಾಂಶವು ಆ ಕ್ಷಣದಲ್ಲಿ ನೌಕೆಯು ಎಲ್ಲಿದ್ದಿತು, ಉಪಕರಣವು ಎತ್ತ ಮುಖಮಾಡಿದ್ದಿತು ಎಂಬುದನ್ನು ತಿಳಿಸುತ್ತದೆ. ಇಷ್ಟು ತಿಳಿಯದೆ ಮಾಪಕದ ಅಂಕಿಗಳಿಗೆ ಅರ್ಥವೇ ಇಲ್ಲ. ಆದರೆ ಮೇಲೆ ಹೇಳಿದ ಧೂಳಿನ ಮಾಪಕದ ದಾಖಲೆಯು ಬೇರೊಂದು ಶಾಖೆಯ ವಶದಲ್ಲಿದ್ದು, ಅದನ್ನು ಪ್ರತ್ಯೇಕವಾಗಿ ಹುಡುಕಬೇಕಾಗಿದೆ. ಒಂದೇ ಯಾತ್ರೆಯ ಫಲವನ್ನು ಹೀಗೆ ಹಲವು ಕಪಾಟುಗಳಿಗೆ ಹಂಚಿದ್ದು ನಮಗೆ ಒಪ್ಪಿಗೆಯಿಲ್ಲ.

ನೌಕೆಗೆ ಹಣವನ್ನು ಮಂಜೂರು ಮಾಡುವವರು ಶೋಧಕ ತಂತ್ರಾಂಶದ ಪಾಲನೆಯ ವೆಚ್ಚವನ್ನೂ ಮೊದಲೇ ಲೆಕ್ಕದಲ್ಲಿ ಸೇರಿಸತಕ್ಕದ್ದು. ನೌಕೆ ಮೇಲೇರುವ ದಿನ ಜನರು ಚಪ್ಪಾಳೆ ತಟ್ಟುವರು. ಬೀಗದ ಕೈಯನ್ನು ಎಣ್ಣೆ ಹಾಕಿ ಕಾಪಾಡುವವನನ್ನು ಯಾರೂ ಕೇಳರು. ಮಿತವ್ಯಯದ ಕತ್ತರಿಯು ಮೊದಲು ಬೀಳುವುದು ಇಂತಹವರ ಮೇಲೆಯೇ ಎಂಬ ಭಯವು ನಮಗಿದೆ.

ಬೆಂಗಳೂರಿಗೆ ಸಮೀಪದ ಬ್ಯಾಲಾಳಿನಲ್ಲಿಯೂ ಇಸ್ರೋದ ಇಂತಹದೊಂದು ದತ್ತಾಂಶ ಕೇಂದ್ರವಿದೆ. ಚಂದ್ರಯಾನ-2ರ ದಾಖಲೆಗಳನ್ನು ಅಲ್ಲಿಂದ, ಹೆಸರು ನೋಂದಾಯಿಸಿಕೊಂಡವರಿಗೆ, ಒದಗಿಸಲಾಗುತ್ತಿದೆ. ನಮ್ಮ ವಿಶ್ವವಿದ್ಯಾನಿಲಯಗಳು ಭೌತಶಾಸ್ತ್ರದ ವಿದ್ಯಾರ್ಥಿಗಳಿಂದ ಈ ಎರಡು ಭಂಡಾರಗಳನ್ನೂ ತೆರೆಯಿಸಿ, ಒಂದೊಂದು ದಾಖಲೆಯನ್ನಾದರೂ ಸ್ವಂತ ಕೈಯಿಂದ ಪರೀಕ್ಷೆಮಾಡಿಸುವ ಏರ್ಪಾಡನ್ನು ಬರುವ ವರ್ಷದ ಪಾಠಕ್ರಮದಲ್ಲಿಯೇ ಮಾಡಬೇಕೆಂದು ಕೋರುತ್ತೇವೆ.