ಕಡೆಯ ಗಳಿಗೆಯ ಆರೈಕೆ ಮತ್ತು ಹೊಸ ದಾದಿಯರು

ಚೌಳಹಿರಿಯೂರಿನಂಥ ಊರಿಗೆ ಶಿವಮೊಗ್ಗ ಇಲ್ಲವೇ ಬೆಂಗಳೂರಿನ ಆಸ್ಪತ್ರೆಯಿಂದ “ಇನ್ನು ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತಿನೊಡನೆ ರೋಗಿಯೊಬ್ಬರು ಮರಳಿದರೆ, ನೆರೆಹೊರೆಯವರು ಮೊದಲು ಹುಡುಕುವುದು ನರ್ಸಿಂಗ್ ಓದಿದ ಹುಡುಗಿಯನ್ನು. ಆಕೆ ಪರೀಕ್ಷೆ ಮುಗಿಸಿ ತಿಂಗಳಷ್ಟೇ ಆಗಿರಲಿ, ರಜೆಯ ಮೇಲೆ ಬಂದಿರಲಿ, ಎಲ್ಲರ ಕಣ್ಣೂ ಆಕೆಯ ಮೇಲೆಯೇ.

ಅಂತಹ ಮನೆಯೊಂದಕ್ಕೆ ನಾವು ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಹೋಗಿದ್ದೆವು. ಹಿರಿಯರ ಗಂಟಲಲ್ಲಿ ಗೊರಗೊರ ಸದ್ದು ಆರಂಭವಾಗಿತ್ತು. ದಾದಿಯಾದ ಮೊಮ್ಮಗಳು ಹಿತ್ತಿಲಲ್ಲಿ ಅಳುತ್ತಿದ್ದಳು. “ಫಾದರ್, ಬದುಕಿಸುವುದನ್ನು ಕಲಿಸಿದರು. ಬದುಕುವುದಿಲ್ಲವೆಂದು ತಿಳಿದ ಮೇಲೆ ಏನು ಮಾಡಬೇಕೆಂದು ಕಲಿಸಲಿಲ್ಲ” ಎಂದಳು. ನಮ್ಮ ಬಳಿಯೂ ಆಗ ಉತ್ತರವಿರಲಿಲ್ಲ.

ಮಾಡಬೇಕಾದುದು ಬಹಳವಿದೆ. ಒಣಗಿದ ತುಟಿಯನ್ನು ಒದ್ದೆ ಹತ್ತಿಯಿಂದ ತೇವಗೊಳಿಸುವುದು, ಮಗ್ಗುಲು ಬದಲಿಸುವುದು, ನೋವು ಮರುಕಳಿಸುವ ಮೊದಲೇ ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು, ಆ ಗೊರಗೊರ ಸದ್ದು ಕೇಳುವವರನ್ನು ಕಾಡಿದಷ್ಟು ರೋಗಿಯನ್ನು ಕಾಡದೆಂದು ಮನೆಯವರಿಗೆ ತಿಳಿಹೇಳುವುದು, ಇವೆಲ್ಲವೂ ವಿದ್ಯೆಯೇ. ಮಾರ್ಫಿನ್ ಎಂದೊಡನೆ ಸಾವನ್ನು ಬೇಗ ತರುವ ಮದ್ದೆಂದು ನಮ್ಮ ಜನ ಬೆದರುತ್ತಾರೆ. ಹೊಸ ದಾದಿಯ ಕೈಯೂ ನಡುಗುತ್ತದೆ. ಸಾವನ್ನು ಉದ್ದೇಶಿಸದೆ ನೋವನ್ನು ತಣಿಸಲು ಅಂಥ ಔಷಧ ಕೊಡುವುದು ಸಲ್ಲುತ್ತದೆಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರಲ್ಲೇ ವೈದ್ಯರಿಗೆ ಸ್ಪಷ್ಟಪಡಿಸಿದ್ದಾರೆ. ಇದನ್ನು ನಾವು ಪ್ರಬೋಧನೆಯಲ್ಲಿ ಎಷ್ಟು ಸಲ ಹೇಳಿದ್ದೇವೆ? ತಪ್ಪು ನಮ್ಮದೂ ಹೌದು.

ಚಿಕಿತ್ಸೆಯನ್ನು ಹಿಂತೆಗೆಯುವ ಕುರಿತು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದರ ಜಾರಿಗೆ ಆದೇಶ ಹೊರಡಿಸಿತು. ವ್ಯರ್ಥ ಚಿಕಿತ್ಸೆಯನ್ನು ಬಿಡುವುದು ಬೇರೆ, ಕೊಲ್ಲುವುದು ಬೇರೆ ಎಂಬುದು ಧರ್ಮಸಭೆಯ ಬೋಧನೆ. ಆದರೆ ಯಂತ್ರ ನಿಂತ ಮೇಲೆ ಆ ಹಾಸಿಗೆಯ ಪಕ್ಕದಲ್ಲಿ ಉಳಿಯುವವರು ನ್ಯಾಯಾಧೀಶರಲ್ಲ, ಇಪ್ಪತ್ತೆರಡು ವರ್ಷದ ದಾದಿ.

ಭಾರತೀಯ ನರ್ಸಿಂಗ್ ಪರಿಷತ್ತು 2021ರ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಉಪಶಮನ ಆರೈಕೆಯನ್ನು ಸೇರಿಸಿರುವುದು ಸ್ವಾಗತಾರ್ಹ. ಆದರೂ ಗುರುಮಠದಲ್ಲಿ ನಾವು ಓದಿದ ಅರಿಸ್ಟಾಟಲನ ಮಾತು ಇಲ್ಲಿ ಒಪ್ಪುತ್ತದೆ: ಮನೆ ಕಟ್ಟಿಯೇ ಮನೆ ಕಟ್ಟುವವನಾಗುತ್ತಾನೆ. ಸಾಯುತ್ತಿರುವವರ ಬಳಿ ಕುಳಿತುಕೊಳ್ಳುವುದನ್ನು ಪಳಗಿದ ದಾದಿಯೊಬ್ಬಳ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಬೆಂಗಳೂರಿನ ಕರುಣಾಶ್ರಯ ಅಂತಹ ಒಂದು ತಾಣ. 1994ರಲ್ಲಿ ಅದರ ಟ್ರಸ್ಟ್ ಆರಂಭವಾಯಿತು, 1999ರಲ್ಲಿ ಆಶ್ರಯಧಾಮ ತೆರೆಯಿತು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ ದೊರೆಯುತ್ತದೆ, ದಾದಿಯರಿಗೆ ತರಬೇತಿಯೂ ನಡೆಯುತ್ತದೆ.

ನಮ್ಮ ಕಥೋಲಿಕ ಆಸ್ಪತ್ರೆಗಳು ಹೊಸ ದಾದಿಯನ್ನು ಒಂಟಿಯಾಗಿ ರಾತ್ರಿ ಪಾಳಿಗೆ ಹಾಕುವ ಮೊದಲು ಒಂದು ತಿಂಗಳಾದರೂ ಇಂಥಲ್ಲಿ ಇರಿಸಲಿ. ಸಿಬ್ಬಂದಿಯ ಕೊರತೆಯಿದೆ, ಖರ್ಚಿದೆ, ನಿಜ. ಗಂಟೆಗೋಪುರಕ್ಕೆ ಕಾಣಿಕೆ ಎತ್ತುವ ನಮಗೆ ಇದಕ್ಕೆ ಎತ್ತಲು ಸಂಕೋಚವೇಕೆ? ಫೆಬ್ರವರಿ 11ರ ವಿಶ್ವ ರೋಗಿಗಳ ದಿನದ ಕಾಣಿಕೆಯನ್ನು ಪ್ರತಿ ಧರ್ಮಕೇಂದ್ರವೂ ತನ್ನ ಒಬ್ಬ ಹೊಸ ದಾದಿಯ ತರಬೇತಿಗೆ ಮೀಸಲಿಡಬಹುದು. ಕಡೆಯ ವರ್ಷ ಓದುತ್ತಿರುವ ಮಗಳಿರುವ ಮನೆಯವರು ಈ ವಿಷಯವನ್ನು ಈಗಲೇ ತಮ್ಮ ಗುರುಗಳ ಬಳಿ ಎತ್ತಬೇಕೆಂದು ಕೋರುತ್ತೇವೆ.