ಅನಾಥಾಶ್ರಮಕ್ಕೆ ಸೂರ್ಯತಾಪದ ಬಿಸಿನೀರು

ಕೋಟ ಸೀಮೆಯ ಅನಾಥಾಶ್ರಮಗಳಿಗೆ ಸೂರ್ಯತಾಪದಿಂದ ನೀರು ಕಾಯಿಸುವ ಯಂತ್ರವನ್ನು ದಾನಮಾಡಲೆಳಸುವ ಗ್ರಾಮಮುಖ್ಯಸ್ಥರೂ ಭೂಮಾಲಿಕರೂ ಮೊದಲು ಲೆಕ್ಕವನ್ನು ನೋಡತಕ್ಕದ್ದು. 50 ಮಕ್ಕಳ ಸ್ನಾನಕ್ಕೆ ತಲೆಗೆ 25 ಲೀಟರಿನಂತೆ 1,250 ಲೀಟರು ಬೆಚ್ಚನೆಯ ನೀರು ಬೇಕು. ಆದರೆ 60 ಡಿಗ್ರಿಗೆ ಕಾದ 500 ಲೀಟರಿಗೆ ತಣ್ಣೀರನ್ನು ಬೆರಸಿದರೆ ಅಷ್ಟೂ ಒದಗುವುದು. ಅದಕ್ಕೆ ತೆಂಕಣಕ್ಕೆ ಮೊಗಮಾಡಿದ ಸುಮಾರು 10 ಚದರ ಮೀಟರು ತಾಪಫಲಕ ಸಾಕು. ಇದಕ್ಕಿಂತ ದೊಡ್ಡದನ್ನು ಕೊಳ್ಳುವುದು ಧರ್ಮದ ಹಣವನ್ನು ಪೋಲುಮಾಡಿದಂತೆ. ಉಳಿದ ಹಣವನ್ನು, ಕಡಲ ಗಾಳಿಯ ಉಪ್ಪಿನಿಂದ ತುಕ್ಕುಹಿಡಿಯುವ ಕಬ್ಬಿಣದ ಭಾಗಗಳ ದುರಸ್ತಿಗೆ ಮೀಸಲಿಡುವುದು ಲೇಸು. ಮಳೆಗಾಲದಲ್ಲಿ ದಿನಗಟ್ಟಲೆ ಸೂರ್ಯದರ್ಶನವಿಲ್ಲ. ಆದುದರಿಂದ ಬಚ್ಚಲಿನ ಹಂಡೆಯನ್ನು ಕೀಳದೆ ಉಳಿಸಿ, ತಮ್ಮ ತೋಟದ ಒಣಮಡಲು, ತೆಂಗಿನ ಸಿಪ್ಪೆಗಳನ್ನು ವರ್ಷಂಪ್ರತಿ ಒದಗಿಸುವುದೂ ದಾನಿಗಳ ಕರ್ತವ್ಯವೇ. ಆಷಾಢದ ಚಳಿಯಲ್ಲಿ ಮಕ್ಕಳು ತಣ್ಣೀರು ಮೀಯಬೇಕಾದರೆ ಆ ದಾನವು ಅರೆಯಾಗಿಯೇ ಉಳಿಯುವುದು.